ಕುಂಡದೊಳಗಿನ ಹಿತ್ತಲು

ಕನ್ನಡ ನಾಡಿನ ಹಳೆಯ ಮನೆಗಳಲ್ಲಿ ಅಡಿಗೆಮನೆಯ ಹಿಂಬಾಗಿಲು ಹಿತ್ತಲಿಗೆ ತೆರೆಯುತ್ತಿತ್ತು. ಬಾವಿಯ ಕಟ್ಟೆ, ಬಚ್ಚಲ ನೀರು ಹರಿಯುವ ಸಣ್ಣ ಕಾಲುವೆ, ಅದರ ಅಂಚಿನಲ್ಲಿ ಬಾಳೆ ಮತ್ತು ಕೆಸು, ಒಂದು ಬಸಳೆಯ ಚಪ್ಪರ, ಒಂದು ಕರಿಬೇವಿನ ಗಿಡ - ಸ್ವಲ್ಪ ನೆಲವಿದ್ದ ಮನೆಯಲ್ಲಿ ಇಷ್ಟಾದರೂ ಇರುತ್ತಿತ್ತು. ಒಲೆಯ ಮೇಲೆ ಬೇಳೆ ಬೇಯುತ್ತಿರುವಾಗಲೇ ಗೃಹಿಣಿಯು ಹಿತ್ತಲಿಗೆ ಹೋಗಿ ಸೊಪ್ಪನ್ನು ಕೊಯ್ದು ತರುತ್ತಿದ್ದಳು. ಅಡಿಗೆಮನೆಯಿಂದ ಹೊರಬಿದ್ದ ಸಿಪ್ಪೆ, ಒಲೆಯ ಬೂದಿ, ಪಾತ್ರೆ ತೊಳೆದ ನೀರು ಇವೆಲ್ಲವೂ ಮರಳಿ ಹಿತ್ತಲಿಗೇ ಸೇರುತ್ತಿದ್ದುವು. ಭೂಮಿಯಿಂದ ಬಂದುದು ಭೂಮಿಗೆ ಹಿಂದಿರುಗುವ ಈ ಚಕ್ರವನ್ನು ಯಾರೂ ಪಾಠವಾಗಿ ಹೇಳಿಕೊಡಬೇಕಾಗಿರಲಿಲ್ಲ. ಆ ಮನೆಗಳಲ್ಲಿ ಬೆಳೆದ ಮಕ್ಕಳಿಗೆ ಅದು ಕಣ್ಣೆದುರಿನ ನಿತ್ಯವ್ಯವಹಾರವಾಗಿತ್ತು.

ಈಗ ಆ ಚಿತ್ರ ಬಹುಮಟ್ಟಿಗೆ ಮರೆಯಾಗಿದೆ. ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿ ಮುಂತಾದ ನಗರಗಳಲ್ಲಿ ನೆಲದ ಬೆಲೆ ಏರಿದಂತೆಲ್ಲ ಮನೆಗಳೂ ಒಂದರ ಮೇಲೊಂದು ಏರಿ ನಿಂತಿವೆ. ಅಪಾರ್ಟ್‌ಮೆಂಟ್ ಎಂದು ಕರೆಯಲಾಗುವ ಈ ಬಹುಮಹಡಿ ವಸತಿಗಳಲ್ಲಿ ವಾಸಿಸುವವರಿಗೆ ಕಾಲ ಕೆಳಗಿರುವುದು ಮತ್ತೊಬ್ಬರ ಮನೆಯ ಸೂರು. ತಲೆಯ ಮೇಲಿರುವುದು ಇನ್ನೊಬ್ಬರ ಮನೆಯ ನೆಲ. ಅವರ ಪಾಲಿಗೆ ಹಿತ್ತಲೆಂದು ಉಳಿದಿರುವುದು ನಾಲ್ಕಾರು ಹೆಜ್ಜೆಗಳ ಬಾಲ್ಕನಿ ಮಾತ್ರ. ಬಟ್ಟೆ ಒಣಗಿಸುವ ತಂತಿಗೂ ಹಳೆಯ ಸಾಮಾನಿಗೂ ಮೀಸಲಾಗಿದ್ದ ಈ ಸ್ಥಳದಲ್ಲಿ ಹಲವರು ಕುಂಡಗಳನ್ನಿಟ್ಟು ಸೊಪ್ಪು ತರಕಾರಿಗಳನ್ನು ಬೆಳೆಯತೊಡಗಿದ್ದಾರೆ. ಬೆಳೆದುದನ್ನು ತಮ್ಮ ಅಡಿಗೆಗೆ ಬಳಸತೊಡಗಿದ್ದಾರೆ.

ಈ ಪ್ರಯತ್ನದ ಬಗ್ಗೆ ಜನರಲ್ಲಿ ಎರಡು ಬಗೆಯ ಅಭಿಪ್ರಾಯಗಳಿವೆ. ಬಾಲ್ಕನಿಯ ಕೃಷಿಯಿಂದ ಮನೆಗೆ ಬೇಕಾದ ತರಕಾರಿಯನ್ನೆಲ್ಲ ಪಡೆಯಬಹುದು, ಸಂತೆಯ ಹಂಗೇ ಬೇಡ ಎಂದು ಕೆಲವರು ಉತ್ಸಾಹದಿಂದ ಹೇಳುತ್ತಾರೆ. ಇದೆಲ್ಲ ಬಿಡುವುಳ್ಳವರ ವಿನೋದ, ಹತ್ತು ರೂಪಾಯಿಯ ಸೊಪ್ಪಿಗೆ ನೂರು ರೂಪಾಯಿಯ ಕುಂಡ ಎಂದು ಮತ್ತೆ ಕೆಲವರು ಹಾಸ್ಯಮಾಡುತ್ತಾರೆ. ಈ ಎರಡು ಮಾತುಗಳಲ್ಲಿಯೂ ಸತ್ಯಾಂಶವು ಅಲ್ಪ. ಬಾಲ್ಕನಿಯ ಹಿತ್ತಲಿನ ನಿಜವಾದ ಬೆಲೆಯನ್ನು ತಿಳಿಯಬೇಕಾದರೆ ಮೊದಲು ಅದರ ಮಿತಿಯನ್ನು ಲೆಕ್ಕಹಾಕಿ ನೋಡಬೇಕು.

ಒಬ್ಬ ವಯಸ್ಕನು ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿಗಳನ್ನು ಸೇವಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಸಲಹೆಮಾಡುತ್ತದೆ. ಈ ಪ್ರಕಾರ ನಾಲ್ವರು ವಯಸ್ಕರ ಸಂಸಾರಕ್ಕೆ ದಿನಕ್ಕೆ 1.6 ಕಿಲೋಗ್ರಾಂ, ವರ್ಷಕ್ಕೆ ಸುಮಾರು 584 ಕಿಲೋಗ್ರಾಂ ಬೇಕಾಗುತ್ತದೆ. ಸಾಧಾರಣ ಬಾಲ್ಕನಿಯೊಂದರಲ್ಲಿ ಓಡಾಡುವ ದಾರಿಯನ್ನು ಬಿಟ್ಟು, ಬಿಸಿಲು ಬೀಳುವ ಕಡೆ ಕುಂಡಗಳಿಗೆ ದೊರೆಯುವ ಸ್ಥಳ ಎರಡು ಚದರ ಮೀಟರು ಎಂದಿಟ್ಟುಕೊಳ್ಳೋಣ. ಹೆಕ್ಟೇರಿಗೆ 50 ಟನ್ನು ಇಳುವರಿಯೆಂದರೆ ಒಳ್ಳೆಯ ಟೊಮೇಟೊ ಬೆಳೆಯೇ ಸರಿ. ಅದು ಚದರ ಮೀಟರಿಗೆ 5 ಕಿಲೋಗ್ರಾಂ ಆಯಿತು. ಇಷ್ಟೇ ಫಲವನ್ನು ಕುಂಡದಲ್ಲಿಯೂ ತೆಗೆದು, ವರ್ಷಕ್ಕೆ ಮೂರು ಬೆಳೆ ಬೆಳೆದರೂ ದೊರೆಯುವುದು 30 ಕಿಲೋಗ್ರಾಂ. ಆ ಸಂಸಾರಕ್ಕೆ ಇದು ಹತ್ತೊಂಬತ್ತು ದಿನಗಳಿಗೂ ಪೂರ್ತಿಯಾಗಿ ಸಾಲದು. ಇಪ್ಪತ್ತರಲ್ಲಿ ಒಂದು ಪಾಲು ಬಾಲ್ಕನಿಯಿಂದ ಬಂದರೆ ಉಳಿದ ಹತ್ತೊಂಬತ್ತು ಪಾಲು ಸಂತೆಯಿಂದಲೋ, ತಳ್ಳುಗಾಡಿಯವರಿಂದಲೋ, 1959ರಲ್ಲಿ ಆರಂಭವಾಗಿ ಹಾಪ್‌ಕಾಮ್ಸ್ ಎಂದು ಹೆಸರಾದ ಬೆಳೆಗಾರರ ಸಹಕಾರ ಸಂಘದ ಮಳಿಗೆಗಳಿಂದಲೋ ಬರಲೇಬೇಕು. ಆದಕಾರಣ ಸ್ವಾವಲಂಬನೆಯ ಮಾತು ಇಲ್ಲಿ ಸಲ್ಲದು.

ಹಾಗಾದರೆ ಈ ಶ್ರಮವೆಲ್ಲ ವ್ಯರ್ಥವೇ? ಇದಕ್ಕೆ ಉತ್ತರವನ್ನು ದೇಶದ ಇತಿಹಾಸದ ಒಂದು ಪ್ರಸಂಗದಲ್ಲಿ ಕಾಣಬಹುದು. 1965ರಲ್ಲಿ ಭಾರತವು ಆಹಾರದ ಅಭಾವವನ್ನು ಎದುರಿಸುತ್ತಿದ್ದಾಗ ಪ್ರಧಾನಮಂತ್ರಿಗಳಾಗಿದ್ದ ಲಾಲ್ ಬಹಾದುರ್ ಶಾಸ್ತ್ರಿಯವರು ವಾರಕ್ಕೆ ಒಂದು ಹೊತ್ತಿನ ಊಟವನ್ನು ಬಿಡುವಂತೆ ಜನತೆಗೆ ಕರೆಯಿತ್ತರು. ದೆಹಲಿಯ ತಮ್ಮ ನಿವಾಸದ ಹುಲ್ಲುಹಾಸನ್ನು ಅಗೆಸಿ ಅಲ್ಲಿ ಪೈರನ್ನು ಬೆಳೆಸಿದರು. ಒಂದು ಅಂಗಳದ ಧಾನ್ಯದಿಂದ ಕೋಟಿ ಕೋಟಿ ಜನರ ಹಸಿವು ಹಿಂಗದೆಂಬುದು ಎಲ್ಲರಿಗೂ ತಿಳಿದಿದ್ದ ವಿಷಯವೇ. ಆದರೂ ಆ ಕಾರ್ಯಕ್ಕೆ ಅರ್ಥವಿತ್ತು. ಅನ್ನವನ್ನು ಉಣ್ಣುವವನು ಅನ್ನವನ್ನು ಬೆಳೆಯುವ ಕಷ್ಟದಲ್ಲಿ ಅಲ್ಪಭಾಗವನ್ನಾದರೂ ತಿಳಿದಿರಬೇಕೆಂಬ ಭಾವನೆ ಅದರಲ್ಲಿತ್ತು. ಬಾಲ್ಕನಿಯ ಕುಂಡದ ಬೆಲೆಯನ್ನೂ ತಕ್ಕಡಿಯಲ್ಲಿ ತೂಗದೆ ಈ ದೃಷ್ಟಿಯಿಂದಲೇ ಅಳೆಯಬೇಕು. ಅದು ಮನೆಯ ಹೊಟ್ಟೆಯನ್ನು ತುಂಬಲಾರದು. ಆದರೆ ಮನೆಯವರಿಗೆ ಆಹಾರದ ಬೆಲೆಯನ್ನು ಕಲಿಸಬಲ್ಲದು.

ಕುಂಡವು ಕಲಿಸುವ ಮೊದಲನೆಯ ಪಾಠವೆಂದರೆ ಪ್ರಕೃತಿಯ ನಿಯಮಕ್ಕೆ ಮನುಷ್ಯನು ಹೊಂದಿಕೊಳ್ಳಬೇಕೆಂಬುದು. ನಗರದ ಜೀವನದಲ್ಲಿ ಗುಂಡಿಯೊತ್ತಿದರೆ ದೀಪ ಹತ್ತುತ್ತದೆ, ನಲ್ಲಿ ತಿರುಗಿಸಿದರೆ ನೀರು ಬರುತ್ತದೆ. ಗಿಡವು ಹೀಗೆ ಆಜ್ಞೆಗೆ ಒಳಪಡುವುದಿಲ್ಲ. ಟೊಮೇಟೊ, ಬದನೆ, ಬೆಂಡೆ, ಮೆಣಸಿನಕಾಯಿಗಳಂತಹ ಕಾಯಿಪಲ್ಲೆಗಳಿಗೆ ದಿನಕ್ಕೆ ಸುಮಾರು ಆರು ಗಂಟೆಗಳ ನೇರ ಬಿಸಿಲು ಬೇಕು. ಮೆಂತ್ಯ, ಕೊತ್ತಂಬರಿ, ದಂಟು, ಪುದೀನಗಳಿಗೆ ಮೂರು ನಾಲ್ಕು ಗಂಟೆಗಳ ಬಿಸಿಲಾದರೂ ಸಾಕು. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ತಿಂಗಳ ಕೊನೆಯಿಂದ ಆಗಸ್ಟ್ ತಿಂಗಳ ಮಧ್ಯದವರೆಗೆ ಅಲ್ಲಿ ನಡುಹಗಲಿನ ಸೂರ್ಯನು ಉತ್ತರಕ್ಕೆ ವಾಲಿರುತ್ತಾನೆ; ಉಳಿದ ತಿಂಗಳುಗಳಲ್ಲಿ ದಕ್ಷಿಣಕ್ಕೆ ವಾಲಿರುತ್ತಾನೆ. ಆದುದರಿಂದ ದಕ್ಷಿಣಕ್ಕೆ ತೆರೆದ ಬಾಲ್ಕನಿಗೆ ಚಳಿಗಾಲದಲ್ಲಿ ತುಂಬ ಬಿಸಿಲು. ಉತ್ತರಕ್ಕೆ ತೆರೆದ ಬಾಲ್ಕನಿಗೆ ಆಗ ನೆರಳೇ ಗತಿ. ಭೂಗೋಳದ ಪುಸ್ತಕದಲ್ಲಿ ಓದಿ ಮರೆತ ಉತ್ತರಾಯಣ ದಕ್ಷಿಣಾಯನಗಳು ಕುಂಡದ ಗಿಡವನ್ನು ಎಲ್ಲಿ ಇಡಬೇಕೆಂದು ಯೋಚಿಸುವವನಿಗೆ ಮನವರಿಕೆಯಾಗುತ್ತವೆ.

ಇದೇ ರೀತಿ ಪ್ರತಿಯೊಂದು ಗಿಡವೂ ತನ್ನ ಕಾಲವನ್ನು ತಾನೇ ನಿರ್ಧರಿಸಿಕೊಂಡಿದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ರೂಪಿಸಿದ ‘ಅರ್ಕಾ ಸುಗುಣ’ ಎಂಬ ದಂಟಿನ ತಳಿಯು ಬಿತ್ತಿದ 25-30 ದಿನಗಳಲ್ಲಿ ಮೊದಲನೆಯ ಕೊಯ್ಲಿಗೆ ಬರುತ್ತದೆ. ಸುಮಾರು 90 ದಿನಗಳವರೆಗೆ ಕೊಯ್ದಂತೆಲ್ಲ ಚಿಗುರುತ್ತದೆ. ಟೊಮೇಟೊ ಹಾಗಲ್ಲ. ಬೀಜ ಮೊಳೆತು ನಾಟಿಗೆ ಸಿದ್ಧವಾಗಲು ಮೂರು ನಾಲ್ಕು ವಾರಗಳು ಬೇಕು. ಆಮೇಲೆ ಮೊದಲನೆಯ ಹಣ್ಣು ಕೈಸೇರಲು ಎರಡು ತಿಂಗಳಿಗೂ ಹೆಚ್ಚು ಕಾಯಬೇಕು. ಹೀರೆಯ ಬಳ್ಳಿಯಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಅವು ಅರಳುವುದು ಸಂಜೆಯ ಹೊತ್ತಿನಲ್ಲಿ. ಎತ್ತರದ ಅಂತಸ್ತಿಗೆ ಕೀಟಗಳು ಬಾರದಿದ್ದರೆ ಗಂಡು ಹೂವಿನ ಪರಾಗವನ್ನು ಹೆಣ್ಣು ಹೂವಿಗೆ ಕೈಯಾರೆ ಸೋಕಿಸಬೇಕು. ಇಲ್ಲವಾದರೆ ಹೀಚು ಹಳದಿಯಾಗಿ ಉದುರಿಹೋಗುತ್ತದೆ. ಹೊಲದಲ್ಲಿ ಜೇನುನೊಣಗಳೂ ಪತಂಗಗಳೂ ಎಷ್ಟು ದೊಡ್ಡ ಕೆಲಸವನ್ನು ಸದ್ದಿಲ್ಲದೆ ನಡೆಸುತ್ತಿವೆ ಎಂಬುದು ಅವು ಇಲ್ಲದ ಕಡೆಯಲ್ಲಿಯೇ ಚೆನ್ನಾಗಿ ಅರ್ಥವಾಗುತ್ತದೆ.

ಎರಡನೆಯ ಪಾಠವು ಕಸಕ್ಕೆ ಸಂಬಂಧಿಸಿದುದು. ನಗರದ ಮನೆಯಲ್ಲಿ ಕಸವು ಬಾಗಿಲ ಹೊರಗೆ ಹೋದೊಡನೆ ಮನಸ್ಸಿನಿಂದಲೂ ಹೊರಗೆ ಹೋಗುತ್ತದೆ. ಆದರೆ ಅದು ಮತ್ತೊಬ್ಬರ ಬಾಗಿಲಿಗೆ ಹೋಗಿ ಬೀಳುತ್ತದೆ. ಬೆಂಗಳೂರಿನ ಕಸವನ್ನು ಬಹುಕಾಲ ಮಾವಳ್ಳಿಪುರ, ಮಂಡೂರು ಮೊದಲಾದ ಹಳ್ಳಿಗಳ ಬಳಿ ಸುರಿಯಲಾಯಿತು. ದುರ್ನಾತವನ್ನೂ ಕೆಟ್ಟ ನೀರನ್ನೂ ಸಹಿಸಲಾರದೆ ಗ್ರಾಮಸ್ಥರು ಪ್ರತಿಭಟಿಸಿದ ಮೇಲೆ 2012ರಲ್ಲಿ ಮಾವಳ್ಳಿಪುರಕ್ಕೂ 2014ರ ಕೊನೆಯಲ್ಲಿ ಮಂಡೂರಿಗೂ ಕಸ ಸಾಗಿಸುವುದು ನಿಂತಿತು. ಹಸಿಕಸ ಒಣಕಸಗಳನ್ನು ಮನೆಯಲ್ಲಿಯೇ ಬೇರ್ಪಡಿಸಬೇಕೆಂಬ ನಿಯಮವು ನಗರದಲ್ಲಿ ಕಡ್ಡಾಯವಾದುದು 2012ರ ಅಕ್ಟೋಬರ್ 1ರಿಂದ. ಹಳ್ಳಿಯು ನಗರಕ್ಕೆ ಸೊಪ್ಪು ತರಕಾರಿಗಳನ್ನು ಕಳುಹಿಸಿದರೆ ನಗರವು ಅದರ ಸಿಪ್ಪೆಯನ್ನು ಕೊಳೆಯಿಸಿ ಹಳ್ಳಿಗೆ ಹಿಂದಿರುಗಿಸಿತೆಂಬುದು ನಾಚಿಕೆಪಡಬೇಕಾದ ಸಂಗತಿ.

ಕುಂಡಗಳಿರುವ ಮನೆಯಲ್ಲಿ ಈ ಸಿಪ್ಪೆಯೇ ಸಂಪತ್ತಾಗುತ್ತದೆ. ತೂತುಗಳಿರುವ ಒಂದು ಡಬ್ಬದಲ್ಲಿ ತರಕಾರಿಯ ಸಿಪ್ಪೆಯನ್ನೂ ಒಣಗಿದ ಎಲೆ ಅಥವಾ ತೆಂಗಿನ ನಾರಿನ ಪುಡಿಯನ್ನೂ ಪದರ ಪದರವಾಗಿ ತುಂಬಿ, ಆಗಾಗ ತಿರುವಿಹಾಕುತ್ತಿದ್ದರೆ ಎರಡು ಮೂರು ತಿಂಗಳುಗಳಲ್ಲಿ ಮಣ್ಣಿನ ವಾಸನೆಯ ಕಪ್ಪು ಗೊಬ್ಬರವು ಸಿದ್ಧವಾಗುತ್ತದೆ. ಗಾಳಿಯಾಡದೆ ನೀರು ನಿಂತರೆ ಮಾತ್ರ ಅದು ನಾರುತ್ತದೆ. ಸಮಪಾಲು ಕೆಂಪು ಮಣ್ಣು, ಈ ಗೊಬ್ಬರ ಮತ್ತು ನಾರಿನ ಪುಡಿ ಸೇರಿದರೆ ಕುಂಡಕ್ಕೆ ಒಳ್ಳೆಯ ಮಿಶ್ರಣವಾಯಿತು. ಒಂದು ಮನೆಯ ಸಿಪ್ಪೆಯೆಲ್ಲವನ್ನೂ ನಾಲ್ಕು ಕುಂಡಗಳು ನುಂಗಲಾರವೆಂಬುದು ನಿಜ. ಆದರೆ ಗೊಬ್ಬರ ಮಾಡಲು ಕಲಿತವನು ಹಸಿಕಸದೊಡನೆ ಪ್ಲಾಸ್ಟಿಕ್ ಚೀಲವನ್ನು ಎಂದಿಗೂ ಬೆರೆಸಲಾರ. ಈ ಅಭ್ಯಾಸವೊಂದೇ ನಗರಕ್ಕೆ ದೊಡ್ಡ ಉಪಕಾರ.

ನೀರಿನ ವಿಷಯದಲ್ಲಿ ಇನ್ನೂ ಹೆಚ್ಚಿನ ವಿವೇಕವು ಅಗತ್ಯ. ಬೆಂಗಳೂರಿಗೆ ಬರುವ ಕಾವೇರಿಯ ನೀರು ಸುಮಾರು 100 ಕಿಲೋಮೀಟರುಗಳ ದೂರದಿಂದ, ಸುಮಾರು 500 ಮೀಟರುಗಳಷ್ಟು ಎತ್ತರಕ್ಕೆ, ಯಂತ್ರಗಳ ಬಲದಿಂದ ಏರಿ ಬರುತ್ತದೆ. 2024ರ ಬೇಸಿಗೆಯಲ್ಲಿ ನೀರಿನ ಅಭಾವವು ತೀವ್ರವಾದಾಗ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸುವುದನ್ನು ಜಲಮಂಡಳಿಯು ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿಗಳ ದಂಡವನ್ನು ಗೊತ್ತುಪಡಿಸಿತು. ನೆರೆಯವರು ಕೊಡ ಹಿಡಿದು ಟ್ಯಾಂಕರಿಗಾಗಿ ಕಾಯುತ್ತಿರುವಾಗ ನಲ್ಲಿಯ ನೀರಿನಿಂದ ಬೆಳೆದ ಸೊಪ್ಪು ಎಷ್ಟು ಹಸಿರಾಗಿದ್ದರೂ ಅದರಲ್ಲಿ ಹೆಮ್ಮೆಪಡುವಂತಹುದೇನೂ ಇಲ್ಲ. ಅಕ್ಕಿ ಬೇಳೆಗಳನ್ನು ತೊಳೆದ ನೀರು ಹಿಂದೆ ಕಲಗಚ್ಚಾಗಿ ಹಸುವಿಗೆ ಸಲ್ಲುತ್ತಿತ್ತು. ಇಂದು ಅದು ಕುಂಡಕ್ಕೆ ಸಲ್ಲಬಹುದು. ಆ ನೀರು ಎಷ್ಟು ಗಿಡಗಳಿಗೆ ಸಾಲುತ್ತದೆಯೋ ಅಷ್ಟನ್ನೇ ಬೆಳೆಸುವುದು ಬಾಲ್ಕನಿಯ ಕೃಷಿಕನ ಧರ್ಮ.

ಇನ್ನು ಕೊಯ್ಲಿನ ಮಾತು. ಬೆಳೆದುದು ಅಡಿಗೆಯಾಗಿ ಎಲೆಗೆ ಬಂದಾಗಲೇ ಈ ಶ್ರಮವು ಪೂರ್ಣವಾಗುವುದು. ಸಂತೆಯಿಂದ ತರುವವನು ಏನು ಅಡಿಗೆ ಮಾಡಬೇಕೆಂದು ಮೊದಲು ನಿಶ್ಚಯಿಸಿ ಅದಕ್ಕೆ ತಕ್ಕುದನ್ನು ಕೊಳ್ಳುತ್ತಾನೆ. ಕುಂಡದಲ್ಲಿ ಬೆಳೆಯುವವನು ಇಂದು ಯಾವುದು ಬಲಿತಿದೆಯೆಂದು ನೋಡಿ ಅಡಿಗೆಯನ್ನು ನಿಶ್ಚಯಿಸಬೇಕು. ದೊರೆತುದರಲ್ಲಿ ರುಚಿಯನ್ನು ಕಾಣುವ ಈ ಜಾಣ್ಮೆಯು ಕನ್ನಡ ನಾಡಿನ ಅಡಿಗೆಯಲ್ಲಿ ಮೊದಲಿನಿಂದಲೂ ಇದೆ. ದಂಟಿನ ಸೊಪ್ಪು ಪಲ್ಯಕ್ಕಾದರೆ ಅದರ ಕಾಂಡವು ಹುಳಿಗೆ ಒದಗುತ್ತದೆ. ಹೀರೆಕಾಯಿಯ ತಿರುಳನ್ನು ಪಲ್ಯಮಾಡಿ, ಹೆರೆದ ಸಿಪ್ಪೆಯನ್ನು ಉದ್ದಿನಬೇಳೆ, ಒಣಮೆಣಸಿನಕಾಯಿ, ಹುಣಿಸೆಹಣ್ಣುಗಳೊಡನೆ ಹುರಿದು ಚಟ್ನಿ ಅರೆಯುತ್ತಾರೆ. ಕಡ್ಡಿ ಊರಿದರೆ ಚಿಗುರುವ ದೊಡ್ಡಪತ್ರೆಯ ಏಳೆಂಟು ಎಲೆಗಳನ್ನು ಜೀರಿಗೆ, ಮೆಣಸಿನಕಾಳುಗಳೊಡನೆ ತುಪ್ಪದಲ್ಲಿ ಬಾಡಿಸಿ, ತೆಂಗಿನ ತುರಿಯೊಡನೆ ರುಬ್ಬಿ, ಮಜ್ಜಿಗೆಯಲ್ಲಿ ಕದಡಿದರೆ ಮನೆಮಂದಿಗೆಲ್ಲ ತಂಬುಳಿಯಾಗುತ್ತದೆ.

ಬಸ್ಸಾರನ್ನಂತೂ ಮಿತವ್ಯಯದ ಅಡಿಗೆಗೆ ಮಾದರಿಯೆನ್ನಬಹುದು. ಕುಂಡದಿಂದ ಕೊಯ್ದ ಒಂದು ಹಿಡಿ ಸೊಪ್ಪು ತೊಗರಿಬೇಳೆ ಅಥವಾ ಕಾಳಿನೊಡನೆ ಬೇಯುತ್ತದೆ. ಬೆಂದ ಮೇಲೆ ನೀರನ್ನು ಬಸಿಯುತ್ತಾರೆ. ಉಳಿದ ಸೊಪ್ಪು ಬೇಳೆಗಳಿಗೆ ಸಾಸುವೆ, ಬೆಳ್ಳುಳ್ಳಿ, ಒಣಮೆಣಸಿನಕಾಯಿಗಳ ಒಗ್ಗರಣೆ ಬಿದ್ದು, ಮೇಲೆ ಕಾಯಿತುರಿ ಉದುರಿ ಪಲ್ಯವಾಗುತ್ತದೆ. ಬಸಿದ ಕಟ್ಟಿಗೆ ಅರೆದ ಮಸಾಲೆಯೂ ಹುಣಿಸೆಯ ರಸವೂ ಸೇರಿ ಸಾರಾಗುತ್ತದೆ. ಬಿಸಿ ರಾಗಿಮುದ್ದೆಯೊಡನೆ ಇವೆರಡೂ ಬಂದರೆ ಊಟವು ಮುಗಿಯಿತು. ಒಂದೇ ಪಾತ್ರೆಯಿಂದ ಎರಡು ವ್ಯಂಜನಗಳು. ಬೇಯಿಸಿದ ನೀರಿನಲ್ಲಿ ಇಳಿದ ಸಾರವೂ ಪೋಲಾಗಲಿಲ್ಲ. ಕೊಯ್ದ ಸೊಪ್ಪಿನಲ್ಲಿ ‘ಸಿ’ ಜೀವಸತ್ವವು ಹೊತ್ತು ಕಳೆದಂತೆ ಕುಂದುತ್ತ ಹೋಗುತ್ತದೆ. ಸಂತೆಯ ಸೊಪ್ಪು ಲಾರಿಯಲ್ಲಿ, ಮಂಡಿಯಲ್ಲಿ, ಅಂಗಡಿಯಲ್ಲಿ ಕಳೆಯುವ ಕಾಲವು ಬಾಲ್ಕನಿಯ ಸೊಪ್ಪಿಗೆ ಇಲ್ಲ. ಗಿಡದಿಂದ ಒಲೆಗೆ ಅದು ಹತ್ತು ಹೆಜ್ಜೆಗಳಲ್ಲಿ ಬರುತ್ತದೆ. ಇದಲ್ಲದೆ, ತಾನು ನೀರೆರೆದ ಗಿಡದ ಸೊಪ್ಪನ್ನು ತಟ್ಟೆಯ ಅಂಚಿಗೆ ತಳ್ಳುವ ಮಗು ವಿರಳ. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯ ಅರ್ಥವನ್ನು ಆ ಮಗುವಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಈ ಎಲ್ಲಕ್ಕಿಂತಲೂ ಮಿಗಿಲಾದ ಪಾಠ ಇನ್ನೊಂದಿದೆ. ಕೋಲಾರದ ಟೊಮೇಟೊ ಮಾರುಕಟ್ಟೆಯು ದೇಶದ ದೊಡ್ಡ ಟೊಮೇಟೊ ಮಾರುಕಟ್ಟೆಗಳಲ್ಲಿ ಒಂದು. 2023ರ ಜುಲೈ ತಿಂಗಳಲ್ಲಿ ಟೊಮೇಟೊ ಬೆಲೆ ಕಿಲೋಗ್ರಾಮಿಗೆ 100 ರೂಪಾಯಿಗಳನ್ನು ದಾಟಿದಾಗ ನಗರದ ಮನೆಮನೆಯಲ್ಲಿಯೂ ಅದೇ ಮಾತಾಯಿತು. ಆದರೆ ಬೆಳೆ ಹೆಚ್ಚಾದ ವರ್ಷಗಳಲ್ಲಿ ಕೊಯ್ಲಿನ ಕೂಲಿ ಮತ್ತು ಸಾಗಣೆಯ ವೆಚ್ಚವೂ ಹುಟ್ಟದೆ ರೈತರು ಹಣ್ಣನ್ನು ರಸ್ತೆಯ ಬದಿಗೆ ಸುರಿದು ಹೋಗುವುದುಂಟು. ಆಗ ಅದೇ ನಗರವು ಅಗ್ಗವಾಯಿತೆಂದು ಸಂತೋಷಪಟ್ಟು ಸುಮ್ಮನಾಗುತ್ತದೆ. ಮೂರು ತಿಂಗಳುಗಳ ಕಾಲ ಒಂದು ಗಿಡವನ್ನು ಸಾಕಿ, ಬಿಳಿನೊಣವನ್ನೂ ಹಿಟ್ಟುತಿಗಣೆಯನ್ನೂ ಬೇವಿನೆಣ್ಣೆಯಿಂದ ತಡೆದು, ಕೊನೆಗೆ ಬೊಗಸೆ ಹಣ್ಣನ್ನು ಪಡೆದವನಿಗೆ ಈ ಎರಡನೆಯ ಸುದ್ದಿಯೂ ಸುದ್ದಿಯೆನಿಸುತ್ತದೆ. ಅವನ ಒಂದು ಗಿಡ ಬಾಡಿದರೆ ಸಂತೆಯು ತೆರೆದಿದೆ. ರೈತನ ಹೊಲ ಬಾಡಿದರೆ ಸಾಲವು ಬಾಯಿ ತೆರೆದಿರುತ್ತದೆ. ಈ ಅಂತರವನ್ನು ಅರಿತವನು ಹತ್ತು ರೂಪಾಯಿಯ ಸೊಪ್ಪಿಗೆ ಎಂಟು ರೂಪಾಯಿ ಕೇಳಲು ಹಿಂಜರಿಯುತ್ತಾನೆ. ಅನ್ನವನ್ನು ಎಲೆಯಲ್ಲಿ ಬಿಟ್ಟೇಳಲು ಇನ್ನೂ ಹಿಂಜರಿಯುತ್ತಾನೆ.

ಈ ಕಾರ್ಯದಲ್ಲಿ ಎಚ್ಚರಿಕೆಗಳೂ ಬೇಕು. ಇಪ್ಪತ್ತು ಲೀಟರು ಹಿಡಿಸುವ ಕುಂಡವನ್ನು ಬರಿಯ ಮಣ್ಣಿನಿಂದ ತುಂಬಿ ನೀರೆರೆದರೆ ಅದರ ತೂಕವು 30 ಕಿಲೋಗ್ರಾಂ ಮೀರುತ್ತದೆ. ಬಾಲ್ಕನಿಯ ತುದಿಯಲ್ಲಿ ಅಂತಹ ಕುಂಡಗಳನ್ನು ಸಾಲಾಗಿ ಪೇರಿಸುವುದು ಅಪಾಯಕರ. ಕಟಕಟೆಯ ಮೇಲೆ ಇಟ್ಟ ಕುಂಡವು ಗಾಳಿಗೆ ಜಾರಿದರೆ ಕೆಳಗೆ ನಡೆಯುವವರ ಪ್ರಾಣಕ್ಕೆ ಎರವಾದೀತು. ಕುಂಡದಿಂದ ಸೋರುವ ಕೆಸರು ನೀರು ಕೆಳಮನೆಯವರ ಒಗೆದ ಬಟ್ಟೆಯ ಮೇಲೆ ಬೀಳಬಾರದು. ಅದಕ್ಕೆಂದು ಇಟ್ಟ ತಟ್ಟೆಯಲ್ಲಿ ನೀರು ವಾರಗಟ್ಟಲೆ ನಿಂತರೆ ಡೆಂಗೆ ಜ್ವರವನ್ನು ಹರಡುವ ಸೊಳ್ಳೆಗೆ ಅದೇ ತೊಟ್ಟಿಲಾಗುತ್ತದೆ. ದುಬಾರಿ ಕುಂಡಗಳನ್ನೂ ಉಪಕರಣಗಳನ್ನೂ ಕೊಂಡು ಆರಂಭಿಸುವವರ ಉತ್ಸಾಹವು ಮೊದಲನೆಯ ಬೇಸಿಗೆಯಲ್ಲಿಯೇ ಒಣಗುವುದುಂಟು. ತಳದಲ್ಲಿ ತೂತು ಕೊರೆದ ಹಳೆಯ ಬಕೀಟಿನಲ್ಲಿ ಮೆಂತ್ಯವು ಅಷ್ಟೇ ಚೆನ್ನಾಗಿ ಮೊಳೆಯುತ್ತದೆ. ಕೊನೆಯದಾಗಿ, ಬಿತ್ತುವ ಸಂತೋಷ ಒಬ್ಬರದು, ನೀರೆರೆದು ಸೋಸಿ ಬೇಯಿಸುವ ದುಡಿಮೆ ಮನೆಯ ಹೆಂಗಸರದು ಎಂದಾಗಕೂಡದು. ಹಿತ್ತಲು ಎಲ್ಲರದಾದರೆ ಅದರ ಕೆಲಸವೂ ಎಲ್ಲರದಾಗಬೇಕು.

ಬಾಲ್ಕನಿಯೇ ಇಲ್ಲದ ಮನೆಗಳೂ ಬಿಸಿಲೇ ಬೀಳದ ಮನೆಗಳೂ ನಗರಗಳಲ್ಲಿ ಅಸಂಖ್ಯಾತವಾಗಿವೆ. ಅಂತಹ ಮನೆಗಳ ಮಕ್ಕಳಿಗೆ ಶಾಲೆಯ ಅಂಗಳವೇ ಹಿತ್ತಲಾಗಬೇಕು. ಗೋಡೆಯ ಬದಿಯಲ್ಲಿ ಹತ್ತು ಕುಂಡಗಳಿದ್ದರೂ ಒಂದು ತರಗತಿಯ ಮಕ್ಕಳು ಸರದಿಯಂತೆ ಅವುಗಳನ್ನು ನೋಡಿಕೊಳ್ಳಬಹುದು. ಕೊಯ್ದ ಸೊಪ್ಪು ಶಾಲೆಯ ಬಿಸಿಯೂಟದ ಸಾರಿಗೆ ಬೀಳಬಹುದು. ಅದರಿಂದ ಊಟದ ಖರ್ಚೇನೂ ಕಡಮೆಯಾಗಲಾರದು. ಆದರೆ ಊಟ ಮಾಡುವ ಮಗುವಿಗೆ ಸಾರಿನ ಹುಟ್ಟು ತಿಳಿಯುತ್ತದೆ.

ಹಳೆಯ ಹಿತ್ತಲು ನಗರಕ್ಕೆ ಇನ್ನು ಮರಳಿ ಬಾರದು. ಅದಕ್ಕಾಗಿ ಹಲುಬುವುದರಿಂದ ಪ್ರಯೋಜನವಿಲ್ಲ. ಆದರೆ ಆ ಹಿತ್ತಲು ಹೇಳದೆಯೇ ಕಲಿಸುತ್ತಿದ್ದ ವಿದ್ಯೆಯು ಅದರೊಡನೆ ಅಳಿಯಬೇಕಾಗಿಲ್ಲ. ಆಹಾರವನ್ನು ಹಣ ಕೊಟ್ಟು ಕೊಳ್ಳುವ ಸರಕೆಂದು ಮಾತ್ರ ಬಲ್ಲ ನಗರವು ಅದನ್ನು ಚೆಲ್ಲುವುದಕ್ಕೂ, ಅದನ್ನು ಬೆಳೆಯುವವನನ್ನು ಮರೆಯುವುದಕ್ಕೂ ಹೇಸುವುದಿಲ್ಲ. ಮಣ್ಣು, ನೀರು, ಬಿಸಿಲು, ಕಾಲ ಮತ್ತು ದುಡಿಮೆ ಈ ಐದೂ ಕೂಡಿ ಒಂದು ತುತ್ತಾಗುತ್ತದೆ ಎಂಬುದನ್ನು ಅರಿತ ನಗರವು ಹಾಗೆ ಮಾಡಲಾರದು. ಆ ಅರಿವನ್ನು ಕೊಡುವುದಕ್ಕೆ ಎಕರೆಗಟ್ಟಲೆ ನೆಲವೇನೂ ಬೇಕಾಗಿಲ್ಲ. ಬಿಸಿಲು ಬೀಳುವ ಕಡೆ ಒಂದು ಕುಂಡ, ಒಂದು ಹಿಡಿ ಮೆಂತ್ಯ, ದಿನವೂ ಅದರ ಕಡೆ ನೋಡುವ ಎರಡು ಕಣ್ಣುಗಳು ಇದ್ದರೆ ಸಾಕು.